ಗೋಪುರ ಮೂರರ ಏಕವಚನ

ಹತ್ತು ಮಹಡಿಯ ಕಚೇರಿ ಕಟ್ಟಡದಲ್ಲಿ ದಿನಕ್ಕೆ ಇನ್ನೂರು ಸಲ ಮೇಲೇರಿ, ಇನ್ನೂರು ಸಲ ಕೆಳಗಿಳಿದು, ಸಂಜೆ ಹೊತ್ತಿಗೆ ಬೆಳಿಗ್ಗೆ ಹೊರಟ ಜಾಗದಲ್ಲೇ ನಿಂತಿರುವ ಮನುಷ್ಯನಿಗೆ ಸಿಟ್ಟು ಬಾರದೆ ಇನ್ನಾರಿಗೆ ಬರಬೇಕು? ನಮ್ಮ ಕ್ಯಾಪ್ಟನ್ ಆ ಕಟ್ಟಡದ ಲಿಫ್ಟ್ ನಡೆಸುವವರು. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಗುಂಡಿಗಳ ಹಲಗೆ, ಸದ್ದು ಮಾತ್ರ ಮಾಡುವ ಅದೇ ಫ್ಯಾನು. ಒಳಗೆ ಬಂದವರು ಅವರ ಮುಖ ನೋಡುವುದಿಲ್ಲ. ಕೈಯಲ್ಲಿರುವ ಫೈಲನ್ನೋ ಮೊಬೈಲನ್ನೋ ನೋಡುತ್ತ "ಏಳು" ಎನ್ನುತ್ತಾರೆ, "ಹತ್ತು" ಎನ್ನುತ್ತಾರೆ. ಹಿಂದೆ ಇಲ್ಲ, ಮುಂದೆ ಇಲ್ಲ, ಬರೀ ಅಂಕಿ. ಲಿಫ್ಟು ಬರುವುದು ತಡವಾದರೆ ಬಾಗಿಲು ಬಡಿದು "ಏ ಲಿಫ್ಟು" ಎಂದು ಕೂಗುತ್ತಾರೆ. ಕಬ್ಬಿಣದ ಡಬ್ಬಕ್ಕೂ ಅದರೊಳಗಿನ ಮನುಷ್ಯನಿಗೂ ಒಂದೇ ಹೆಸರು. ಈ ಕಥೆಯಲ್ಲಾದರೂ ಅವರಿಗೆ ಬಹುವಚನ ಸಲ್ಲಲಿ.

ಕ್ಯಾಪ್ಟನ್ ಎಂಬ ಬಿರುದು ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದ ಒಂದು ಹಳೆಯ ಕಂಪ್ಯೂಟರನ್ನೂ ವಿಮಾನ ಹಾರಿಸುವ ಆಟವನ್ನೂ ತಂದು ಕೂರಿಸಿಕೊಟ್ಟಿದ್ದ. ಮೊದಲ ವಾರ ಕ್ಯಾಪ್ಟನ್ ಮೂವತ್ತು ವಿಮಾನ ಬೀಳಿಸಿದರು. ಎರಡನೇ ವಾರ ಕೆಳಮನೆಯ ಟೈಲರಮ್ಮನ ಹತ್ತಿರ ಹೋಗಿ, ಬಿಳಿ ಅಂಗಿಯ ಹೆಗಲಿಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ ಹೊಲಿಸಿಕೊಂಡರು. ಮೂರನೇ ವಾರ ಒಂದು ಬಳಗ ಸೇರಿದರು.

ಆ ಬಳಗದಲ್ಲಿ ಐವತ್ತು ಅರವತ್ತು ಜನ. ಅವರವರ ಮನೆಯಲ್ಲಿ, ಅವರವರ ಕಂಪ್ಯೂಟರಿನ ಮುಂದೆ ಕೂತು ಒಂದೇ ಆಕಾಶದಲ್ಲಿ ಹಾರುತ್ತಾರೆ. ಕೆಲವರು ಪೈಲಟ್ಟುಗಳು, ಕೆಲವರು ಗೋಪುರದಲ್ಲಿ ಕೂತು, ಯಾರು ಏರಬೇಕು, ಯಾರು ಇಳಿಯಬೇಕು ಎಂದು ಮೈಕಿನಲ್ಲಿ ಅಪ್ಪಣೆ ಕೊಡುವವರು. ಅಸಲಿ ಹೆಸರು ಹೇಳುವಂತಿಲ್ಲ. ಕ್ಯಾಪ್ಟನ್ "ವಿಮಾನ ನಲವತ್ತೊಂದು". ಬಳಗದ ನಿಯಮ ಎರಡೇ. ಒಂದು, ಎಲ್ಲ ಮಾತೂ ನಮ್ಮ ಭಾಷೆಯಲ್ಲೇ ಆಗಬೇಕು. ಎರಡು, ಗೋಪುರ ಹೇಳಿದ್ದನ್ನು ಪೈಲಟ್ ಅಕ್ಷರ ಬಿಡದೆ ತಿರುಗಿ ಹೇಳಬೇಕು, ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗಲಿ ಎಂದು. ಇಷ್ಟು ಭದ್ರವಾದ ಏರ್ಪಾಡಿನೊಳಗೂ ಅನರ್ಥ ನುಸುಳಬಹುದೆಂದು ಯಾರೂ ಎಣಿಸಿರಲಿಲ್ಲ. ಕ್ಯಾಪ್ಟನ್ ಆಗಿನ್ನೂ ಸೇರಿರಲಿಲ್ಲವಲ್ಲ.

ಮೈಕಿನ ಮುಂದೆ ಕ್ಯಾಪ್ಟನ್ನರ ದನಿಯೇ ಬೇರೆ. ಮನೆಯಲ್ಲಿ ಕೀರಲು ದನಿಯವರು, ಅಲ್ಲಿ ಬಾಯಲ್ಲಿ ಬಿಸಿನೀರು ಇಟ್ಟುಕೊಂಡವರಂತೆ ಹೊಟ್ಟೆಯಾಳದಿಂದ ಮಾತಾಡುತ್ತಿದ್ದರು. ದೊಡ್ಡ ವಿಮಾನ ಹಾರಿಸುವವರು ಹಾಗೇ ಮಾತಾಡಬೇಕೆಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಮೊದಲ ಜಗಳ ನೆಲದ ಮೇಲೇ ಆಯಿತು. ಅಂದು ಅವರಿಗೆ ಸಿಕ್ಕದ್ದು ಗೋಪುರ ಮೂರು. ಅಲ್ಲಿ ಕೂತಿದ್ದವಳದು ಮೂಗಿನಿಂದ ಹೊರಡುವ, ಕತ್ತರಿಯಂಥ ದನಿ. ಕ್ಯಾಪ್ಟನ್ ರನ್‌ವೇಯ ಬಾಯಿಗೆ ಬಂದು, "ವಿಮಾನ ನಲವತ್ತೊಂದು, ಹೊರಡಲು ಸಿದ್ಧ" ಎಂದರು. ಅವಳು ಆಗ ಇನ್ನೊಬ್ಬನ ಜೊತೆ ಮಾತಿನಲ್ಲಿದ್ದಳು.

"ನಲವತ್ತೊಂದು, ಲೈನಲ್ಲಿರು," ಎಂದಳು.

ಕ್ಯಾಪ್ಟನ್ ಕಣ್ಣು ಹಾಯಿಸಿದರು. ರನ್‌ವೇಯ ನಡುಮಧ್ಯದಲ್ಲಿ ಉದ್ದಕ್ಕೆ ಒಂದು ಬಿಳಿ ಲೈನು ಎಳೆದಿತ್ತು. ಮೆಲ್ಲಗೆ ಹೋಗಿ ಮೂತಿಯ ಚಕ್ರವನ್ನು ಸರಿಯಾಗಿ ಅದರ ಮೇಲೆ ಕೂರಿಸಿ, "ಲೈನಲ್ಲಿದ್ದೇನೆ, ನಲವತ್ತೊಂದು" ಎಂದು ತಿರುಗಿ ಹೇಳಿದರು. ಅವಳಿಗೂ ಸಮಾಧಾನ, ಇವರಿಗೂ ಸಮಾಧಾನ. ಎಂಟು ನಿಮಿಷ ಇಬ್ಬರೂ ತೃಪ್ತಿಯಿಂದಿದ್ದರು. ಒಂಬತ್ತನೇ ನಿಮಿಷಕ್ಕೆ ಬಳಗದ ಕಾರ್ಯದರ್ಶಿಯ ವಿಮಾನ ಬಂದು ಇವರ ನೆತ್ತಿಯ ಮೇಲೆ ಇಳಿಯಿತು. ಕಾರ್ಯದರ್ಶಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವನು. ಇಪ್ಪತ್ತು ವರ್ಷದಲ್ಲಿ ಒಂದು ಗೀರೂ ಕಾಣದೆ ಗಾಡಿ ಓಡಿಸಿದ್ದೇನೆಂದು ಹೇಳಿಕೊಳ್ಳುತ್ತಿದ್ದವನ ಮೊದಲ ಅಪಘಾತ ಅದು.

"ಲೈನಲ್ಲಿರು ಅಂದರೆ ಮಾತು ಕಡಿದು ಹೋಗಬೇಡ ಅಂತ," ಗೋಪುರ ಮೂರು ಇಪ್ಪತ್ತು ಜನ ಕೇಳುವಂತೆ ಹೇಳಿದಳು. "ರನ್‌ವೇ ಮೇಲೆ ಹೋಗಿ ಕೂತ್ಕೋ ಅಂತಲ್ಲ. ಯಾವ ಲೋಕದಿಂದ ಬಂದೆ ನೀನು?"

ವಿಮಾನ ಹೋದದ್ದು ಕ್ಯಾಪ್ಟನ್ನರನ್ನು ಬಾಧಿಸಲಿಲ್ಲ, ಅದು ಗುಂಡಿ ಒತ್ತಿದರೆ ಮತ್ತೆ ಬರುತ್ತದೆ. "ಬಂದೆ ನೀನು" ಎಂಬುದು ಎದೆಗೆ ನಾಟಿತು. ಲಿಫ್ಟಿನಲ್ಲಿ ಬರೀ ಅಂಕಿಯಾದರೂ ಇತ್ತು. ಇಲ್ಲಿ, ಇಷ್ಟು ಎತ್ತರಕ್ಕೆ ಹಾರಿ ಬಂದ ಮೇಲೂ, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿಯೊಬ್ಬಳ ಏಕವಚನ. ಹುಡುಗಿ ಎಂದು ಅವರೇ ತೀರ್ಮಾನಿಸಿಕೊಂಡರು. ಅಷ್ಟು ಸೊಕ್ಕು ಇಪ್ಪತ್ತೈದು ದಾಟಿದವರಲ್ಲಿ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ.

ಸುಮ್ಮನಿದ್ದರು. ದೊಡ್ಡವರು ಮೊದಲ ಸಲ ಸುಮ್ಮನಿರುತ್ತಾರೆ.

ಎರಡನೇ ಸಲ ಆದದ್ದು ಮಾತ್ರ ಬಳಗದ ಚರಿತ್ರೆಯಲ್ಲೇ ಆಗಿರಲಿಲ್ಲ. ಕ್ಯಾಪ್ಟನ್ ಈ ಬಾರಿ ಯಾವ ಲೈನಿನ ತಂಟೆಗೂ ಹೋಗದೆ ಚೊಕ್ಕವಾಗಿ ನೆಲ ಬಿಟ್ಟರು. ಗೋಪುರ ಮೂರು ಎಂದಿನಂತೆ ಅವಸರದಲ್ಲಿದ್ದಳು.

"ನಲವತ್ತೊಂದು, ಹತ್ತು, ಸಾವಿರ."

ಸಾವಿರ ಅಡಿಗೆ ಹತ್ತು, ಅಲ್ಲೇ ಊರ ಮೇಲೆ ಒಂದು ಸುತ್ತು ಹಾಕುತ್ತಿರು, ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಬರವಣಿಗೆಯಲ್ಲಾದರೆ ನಡುವೆ ಒಂದು ಅಲ್ಪವಿರಾಮ ಕಾಣುತ್ತದೆ; ಕಿವಿಗೆ ಅದು ಬೀಳುವುದಿಲ್ಲ. ಇಪ್ಪತ್ತೆರಡು ವರ್ಷ "ಹತ್ತು" ಎಂದರೆ ಹತ್ತನೇ ಗುಂಡಿ ಒತ್ತಿದ ಮನುಷ್ಯನಿಗೆ ಅದು ಏನೆಂದು ಕೇಳಿಸಬೇಕೋ ಹಾಗೇ ಕೇಳಿಸಿತು.

"ಹತ್ತು ಸಾವಿರ, ನಲವತ್ತೊಂದು," ಎಂದು ತಿರುಗಿ ಹೇಳಿ, ಮೂತಿ ಎತ್ತಿ, ಹತ್ತು ಸಾವಿರ ಅಡಿಯ ಕಡೆಗೆ ಹೊರಟರು. ಐದು ಸಾವಿರದಲ್ಲಿ ಬಳಗದ ಅಧ್ಯಕ್ಷರು ನೂರ ಎಂಬತ್ತೆರಡು ಜನ ಕಾಲ್ಪನಿಕ ಪ್ರಯಾಣಿಕರನ್ನು ಕೂರಿಸಿಕೊಂಡು ಮೆಲ್ಲಗೆ ಇಳಿದು ಬರುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಕ್ಯಾಪ್ಟನ್ ಕೆಳಗಿನಿಂದ ಬಂದು ಅವರ ವಿಮಾನದ ಬಾಲವನ್ನು ಬುಡಕ್ಕೇ ಕಿತ್ತರು.

"ಎಲ್ಲಿಗೆ ಹೊರಟಿದ್ದೆ ನೀನು?" ಗೋಪುರ ಮೂರು ಕೇಳಿದಳು.

"ಹತ್ತು ಸಾವಿರಕ್ಕೆ."

"ನಾನೇನು ಹೇಳಿದೆ?"

"ಹತ್ತು ಸಾವಿರ ಅಂದಿರಿ."

"ಅಂದೆ. ಹತ್ತು ಸಾವಿರ ಅಂತಲೇ ಅಂದೆ. ಮತ್ತೆ ಹತ್ತು ಸಾವಿರಕ್ಕೆ ಯಾಕೆ ಹೋದೆ?"

"ಹತ್ತು ಸಾವಿರ ಅಂದದ್ದಕ್ಕೇ ಹೋದೆ."

"ಹತ್ತು ಸಾವಿರ ಅಂದರೆ ಹತ್ತು ಸಾವಿರಕ್ಕೆ ಹೋಗೋದಾ?"

ಕಾಲು ಗಂಟೆ ಹೀಗೇ ನಡೆಯಿತು. ಇಬ್ಬರೂ ಅದೇ ಎರಡು ಪದ ಹೇಳುತ್ತಿದ್ದರು. ಇನ್ನೊಬ್ಬರು ತಪ್ಪೊಪ್ಪಿಕೊಂಡೂ ಹಟ ಬಿಡುತ್ತಿಲ್ಲವಲ್ಲ ಎಂದು ಇಬ್ಬರಿಗೂ ಮೈ ಉರಿಯುತ್ತಿತ್ತು. ಕೊನೆಗೆ ಅವಳು, "ನಿನ್ನ ತಲೇಲಿ ಇರೋದು ಮಿದುಳೋ ಹಿಟ್ಟೋ?" ಎಂದು ಮೈಕು ಮುಚ್ಚಿದಳು. ಕ್ಯಾಪ್ಟನ್ ಅಂದು ಊಟಕ್ಕೆ ಏಳಲಿಲ್ಲ. ಹೆಂಡತಿ ಬಂದು, "ಬೀಳೋ ವಿಮಾನ ಬಿದ್ದಾಯ್ತಲ್ಲ, ಇನ್ನೇನು?" ಎಂದದ್ದಕ್ಕೆ, "ವಿಮಾನದ ಮಾತಲ್ಲ, ಮಾನದ ಮಾತು" ಎಂದರು.

ಮರುದಿನ ಭಾನುವಾರ, ಅತ್ತೆಯ ಮನೆಯಲ್ಲಿ ಊಟ. ಅತ್ತೆ ಮೂರು ಬೀದಿಯಾಚೆ ಮಗನ ಜೊತೆ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಬೋರ್ಡಿನ ಮುಂದೆ ಕೂತು ಊರಿಗೂ ಊರಿಗೂ ಮಾತು ಕೂಡಿಸಿದವರು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಅವರ ಕೈಗೂ ಬಾಯಿಗೂ ಕೆಲಸವಿರಲಿಲ್ಲ. ರಾಂಗ್ ನಂಬರ್ ಬಂದರೂ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಈಚೆಗೆ ಮಗ ಏನೋ ಒಂದು ಹೆಡ್‌ಫೋನು ತಂದುಕೊಟ್ಟ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಹಾಡು ಕೇಳುತ್ತಾರಂತೆ, ಮುಖದಲ್ಲಿ ಕಳೆ ಬಂದಿದೆ ಎಂದು ಮನೆಯವರೆಲ್ಲ ನೆಮ್ಮದಿಯಾಗಿದ್ದರು. ಅಳಿಯನ ಹತ್ತಿರ ಅವರದು ಮೊದಲಿಂದಲೂ ಮೆತ್ತನೆಯ ದನಿ, ಬಾಗಿಲ ಮರೆಯ ಮಾತು, ತಪ್ಪಿಯೂ ಬಹುವಚನ ಬಿಟ್ಟವರಲ್ಲ.

"ಯಾಕೆ, ಸರಿಯಾಗಿ ಊಟ ಮಾಡ್ತಾ ಇಲ್ಲ ನೀವು?" ಎಂದು ಅತ್ತೆ ಕೇಳಿದರು.

ಆಟದ ಜಗಳ ಎನ್ನಲು ಕ್ಯಾಪ್ಟನ್ನರಿಗೆ ನಾಚಿಕೆಯಾಯಿತು. "ಕೆಲಸದ ಜಾಗದಲ್ಲಿ ಒಬ್ಬಳು, ಅತ್ತೆ. ನನ್ನ ಅರ್ಧ ವಯಸ್ಸಿಲ್ಲ. ನಾಲ್ಕು ಜನರೆದುರಿಗೆ ನೀನು ತಾನು ಅಂತ ಮಾತಾಡ್ತಾಳೆ."

ಅತ್ತೆಯ ಕೈಯ ಸೌಟು ನಿಂತಿತು. "ನಿಮಗಾ? ಏಕವಚನವಾ?"

"ಮಿದುಳಿಲ್ಲ, ಹಿಟ್ಟಿದೆ ಅಂದಳು."

"ಹೆತ್ತವರು ನಾಲ್ಕು ಮಾತು ಕಲಿಸಿಲ್ಲ ಅಂಥವಕ್ಕೆ," ಎಂದರು ಅತ್ತೆ. ಸಿಟ್ಟಿಗೆ ಮುಖ ಕೆಂಪಾಗಿತ್ತು. "ಸುಮ್ಮನೆ ಬಿಡಬೇಡಿ. ಬರವಣಿಗೆಯಲ್ಲಿ ದೂರು ಕೊಡಿ. ನಮ್ಮ ಎಕ್ಸ್‌ಚೇಂಜಿನಲ್ಲಿ ಯಾರಾದರೂ ಹಾಗೆ ಬಾಯಿ ಬಿಟ್ಟಿದ್ದರೆ ಒಂದು ತಿಂಗಳು ಬೋರ್ಡಿನಿಂದ ಎಬ್ಬಿಸ್ತಿದ್ವಿ. ಕಾಗದ ತನ್ನಿ, ನಾನು ಹೇಳ್ತೀನಿ, ಬರ್ಕೊಳ್ಳಿ."

ಹೇಳಿ ಬರೆಸಿದರು. 'ಸದರಿ ವ್ಯಕ್ತಿಯ ನಾಲಿಗೆಗೆ ಲಗಾಮಿಲ್ಲದಿರುವುದರಿಂದ, ಆಕೆಯನ್ನು ಒಂದು ತಿಂಗಳ ಕಾಲ ಆಸನದಿಂದ ಎಬ್ಬಿಸಿ, ಬಹುವಚನ ಕಲಿತದ್ದು ಖಚಿತವಾದ ಮೇಲೆಯೇ ಮತ್ತೆ ಕೂರಿಸತಕ್ಕದ್ದು.' ಕ್ಯಾಪ್ಟನ್ ಒಂದಕ್ಷರ ಬದಲಿಸಲಿಲ್ಲ. ಬದಲಿಸುವಂಥ ಬರಹವಾಗಿರಲೂ ಇಲ್ಲ.

"ಲೋಕದಲ್ಲಿ ಎಂತೆಂಥವರಿರ್ತಾರೆ ನೋಡಿ," ಎಂದು ಅತ್ತೆ ನಿಟ್ಟುಸಿರುಬಿಟ್ಟರು. "ನನಗೂ ಈಚೆಗೆ ಒಬ್ಬ ದಡ್ಡ ಗಂಟುಬಿದ್ದಿದ್ದಾನೆ. ಫೋನಿನಲ್ಲಿ. ಹೇಳಿದ್ದೊಂದು, ಮಾಡೋದೊಂದು."

"ಯಾರು ಅಂತ ಹೇಳಿ ಅತ್ತೆ, ನಾನು ವಿಚಾರಿಸಿಕೊಳ್ತೀನಿ," ಎಂದರು ಕ್ಯಾಪ್ಟನ್. ಬಹಳ ದಿನದ ಮೇಲೆ ಅವರಿಗೆ ತಾನು ಗಂಡಸೆನಿಸಿತು.

ದೂರು ಹೋಯಿತು. ಹದಿನೈದು ದಿನಕ್ಕೆ ಉತ್ತರ ಬಂತು. ಬಾಲ ಕಳೆದುಕೊಂಡ ಅಧ್ಯಕ್ಷರೂ, ನೆತ್ತಿಯ ಮೇಲಿಳಿದ ಕಾರ್ಯದರ್ಶಿಯೂ ಸೇರಿ ಭಾನುವಾರ ಹನ್ನೊಂದಕ್ಕೆ ಅಧ್ಯಕ್ಷರ ಹಲ್ಲಿನ ಆಸ್ಪತ್ರೆಯಲ್ಲಿ ವಿಚಾರಣೆ ಇಟ್ಟಿದ್ದರು. ಇಬ್ಬರೂ ಖುದ್ದಾಗಿ ಬರಬೇಕು. ಕ್ಯಾಪ್ಟನ್ ಪಟ್ಟಿಯ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಹತ್ತೂವರೆಗೇ ಹೋದರು. ಕಾಯುವ ಕೋಣೆಯಲ್ಲಿ ಕಪಾಟಿನಷ್ಟು ದೊಡ್ಡ ಪ್ಲಾಸ್ಟಿಕ್ ದವಡೆ, ನಾಲ್ಕು ಕುರ್ಚಿ. ಒಂದರಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅತ್ತೆ ಕೂತಿದ್ದರು.

ಪಾಪ, ಹಲ್ಲು ನೋವಿಗೆ ಬಂದಿದ್ದಾರೆ ಎಂದುಕೊಂಡರು ಕ್ಯಾಪ್ಟನ್. ಪಾಪ, ಹಲ್ಲು ನೋವಿಗೆ ಬಂದಿದ್ದಾರೆ ಎಂದುಕೊಂಡರು ಅತ್ತೆ.

"ನೀವೂ ಇಲ್ಲಿಗೇ ಬಂದ್ರಾ? ಅಂಗಿ ಚೆನ್ನಾಗಿದೆ, ಬ್ಯಾಂಡಿನವರ ಥರ."

"ಬರಲೇಬೇಕಾಯ್ತು, ಅತ್ತೆ. ತಡೆಯೋಕಾಗಲಿಲ್ಲ."

"ಬಹಳ ದಿನದಿಂದ ಇದೆಯಾ?"

"ಎರಡು ತಿಂಗಳಾಯ್ತು. ಊಟ ಸೇರಲ್ಲ, ನಿದ್ದೆ ಬರಲ್ಲ."

"ಹಾಗಿದ್ದರೆ ಇಟ್ಟುಕೋಬಾರದು. ಕೀಳಿಸಿಬಿಡಿ."

"ಅದಕ್ಕೇ ಬಂದಿರೋದು. ಬುಡಸಮೇತ ಕೀಳಿಸ್ತೀನಿ. ನಿಮ್ಮದು?"

"ನನ್ನದೂ ಒಂದು ಹುಳುಕು," ಎಂದರು ಅತ್ತೆ ಗೋಡೆ ನೋಡುತ್ತ. "ಒಂದೇ ಇರೋದು, ಆದರೆ ಅದೊಂದರಿಂದ ಅಕ್ಕಪಕ್ಕದವೆಲ್ಲ ಹಾಳು."

"ಈ ಡಾಕ್ಟರ ಕೈ ಒರಟು ಅಂತಾರೆ. ಹೆದರಬೇಡಿ, ನಾನಿದ್ದೀನಿ."

ಅಷ್ಟರಲ್ಲಿ ಒಳಬಾಗಿಲು ತೆರೆದು ನರ್ಸು ಚೀಟಿ ಓದಿದಳು. "ವಿಮಾನ ನಲವತ್ತೊಂದು, ಗೋಪುರ ಮೂರು. ಒಳಗೆ ಬರಬೇಕಂತೆ."

ಇಬ್ಬರೂ ಎದ್ದರು. ಇಬ್ಬರೂ ಕೂತರು. ಮತ್ತೆ ಎದ್ದರು. ಎದುರು ಕುರ್ಚಿಯಲ್ಲಿ ಕೆನ್ನೆ ಹಿಡಿದು ಕೂತಿದ್ದ ನಿಜವಾದ ರೋಗಿಯೊಬ್ಬ ನೋವು ಮರೆತು ಇವರನ್ನೇ ನೋಡಿದ.

"ನೀವಾ?" ಎಂದರು ಅತ್ತೆ. ಮೆತ್ತನೆಯ ದನಿ ಎಲ್ಲೋ ಹೋಗಿ, ಮೂಗಿನ ದನಿ ಬಂದಿತ್ತು. "ಲೈನಲ್ಲಿರು ಅಂದರೆ ರನ್‌ವೇ ಮೇಲೆ ಹೋಗಿ ಕೂತದ್ದು ನೀವಾ?"

ಕ್ಯಾಪ್ಟನ್ ಹೆಗಲ ಪಟ್ಟಿಗಳ ಮೇಲೆ ಕೈ ಮುಚ್ಚಿಕೊಂಡರು.

ಒಳಗೆ ಡಾಕ್ಟರು ಹಲ್ಲು ಕೆದಕುವ ಸಲಾಕೆಯಿಂದ ಮೇಜು ಕುಟ್ಟಿ ವಿಚಾರಣೆ ಶುರುಮಾಡಿದರು. ಕೂರಲು ಬೇರೆ ಜಾಗವಿಲ್ಲದೆ ಕ್ಯಾಪ್ಟನ್ ಹಲ್ಲು ಕೀಳುವ ಕುರ್ಚಿಯಲ್ಲೇ ಒರಗಬೇಕಾಯಿತು. ಧ್ವನಿಮುದ್ರಣ ಹಾಕಿದರು. 'ಹತ್ತು ಸಾವಿರ' ಎಂದಿತು ಗೋಪುರ. 'ಹತ್ತು ಸಾವಿರ' ಎಂದಿತು ವಿಮಾನ. ಮತ್ತೆ ಹಾಕಿದರು, ಅದೇ.

"ಇಬ್ಬರೂ ಸರಿಯಾಗೇ ಹೇಳಿದ್ದಾರಲ್ಲ," ಎಂದ ಕಾರ್ಯದರ್ಶಿ.

"ನನ್ನ ಬಾಲ ಹೇಗೆ ಹೋಯ್ತು ಹಾಗಾದರೆ?" ಎಂದರು ಡಾಕ್ಟರು.

"ಹತ್ತು ಅಂದರೆ ಹತ್ತು," ಎಂದರು ಅತ್ತೆ. "ಮೆಟ್ಟಿಲು ಹತ್ತು ಅಂತೀವಲ್ಲ, ಆ ಹತ್ತು. ಎಲ್ಲಿವರೆಗೆ? ಸಾವಿರದವರೆಗೆ. ಇಪ್ಪತ್ತು ವಿಮಾನ ಕಾಯ್ತಿರುವಾಗ ಅದಕ್ಕೆ ಬಾಲಂಗೋಚಿ ಸೇರಿಸ್ತಾ ಕೂರೋಕಾಗುತ್ತಾ?"

ಕ್ಯಾಪ್ಟನ್ ಕುರ್ಚಿಯಲ್ಲಿ ನೆಟ್ಟಗಾದರು. ಎದುರಿಗಿರುವುದು ಯಾರೆಂಬುದು ಒಂದು ಗಳಿಗೆ ಮರೆತೇಹೋಯಿತು. "ಅಂದರೆ ಅದು ಸಂಖ್ಯೆ ಅಲ್ಲ?"

"ಅಲ್ಲ."

"ನನಗೆ ಹೇಳಿದ್ದು? ಹತ್ತಿ ಅಂತಲ್ಲ, ಹತ್ತು ಅಂತ?"

"ವಿಮಾನಕ್ಕೆ ಹೇಳಿದ್ದು. ಬಸ್ಸು ಬಂತು ಅಂತೀವಿ. ಬಸ್ಸು ಬಂದರು ಅಂತೀವಾ?"

"ವಿಮಾನದೊಳಗೆ ಮನುಷ್ಯ ಇದ್ದಾನೆ, ಅತ್ತೆ."

"ಇದ್ದಾನೆ ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ," ಎಂದರು ಅತ್ತೆ. "ನೀವೊಬ್ಬರು ಶುದ್ಧ ದಡ್ಡರು ಅಂತ ಮದುವೆ ಮಾತಿನ ದಿನವೇ ನನಗೆ ಅನುಮಾನ ಇತ್ತು. ನೀವು ಅಂತಲೇ ಹೇಳ್ತಿದ್ದೀನಿ, ಅಧ್ಯಕ್ಷರು ಗಮನಿಸಬೇಕು."

ಡಾಕ್ಟರು ಗಮನಿಸಿದರು. ಆಮೇಲೆ ದೂರನ್ನು ಗಟ್ಟಿಯಾಗಿ ಓದಿದರು. 'ಸದರಿ ವ್ಯಕ್ತಿಯ ನಾಲಿಗೆಗೆ ಲಗಾಮಿಲ್ಲದಿರುವುದರಿಂದ' ಎಂಬಲ್ಲಿಗೆ ಬಂದಾಗ ಅತ್ತೆ ತಲೆಯೆತ್ತಿದರು. 'ಆಸನದಿಂದ ಎಬ್ಬಿಸಿ' ಎಂಬಲ್ಲಿಗೆ ಬಂದಾಗ ಅಳಿಯನನ್ನು ನೋಡಿದರು.

ತೀರ್ಪು ಎರಡು ನಿಮಿಷದಲ್ಲಿ ಬಂತು. ಪೈಲಟ್ ಕೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಿರುವುದರಿಂದ ಅವನ ತಪ್ಪಿಲ್ಲ. ಗೋಪುರ ಮೂರು ಒಂದು ತಿಂಗಳು ಕೂರುವಂತಿಲ್ಲ. ಇನ್ನು ಮುಂದೆ ಬಳಗದಲ್ಲಿ ಸರ್ವರಿಗೂ ಬಹುವಚನ.

"ನಾನು ದೂರು ವಾಪಸ್ ತಗೊಳ್ತೀನಿ," ಎಂದರು ಕ್ಯಾಪ್ಟನ್, ಬೆವರುತ್ತ.

"ಕಿತ್ತ ಹಲ್ಲನ್ನ ಮತ್ತೆ ಕೂರಿಸೋಕಾಗಲ್ಲ," ಎಂದರು ಡಾಕ್ಟರು. "ಹೊರಗೆ ರೋಗಿ ಕಾಯ್ತಿದ್ದಾರೆ, ಕುರ್ಚಿ ಬಿಡಿ."

ಮೆಟ್ಟಿಲಿಳಿಯುವಾಗ ಅತ್ತೆ ಹೇಳಿದ್ದು ಒಂದೇ ಮಾತು. "ಒಕ್ಕಣೆ ಚೆನ್ನಾಗಿತ್ತು. ಯಾರು ಬರೆಸಿದ್ದೋ."

ಕ್ಯಾಪ್ಟನ್ ಮನೆಗೆ ಬರುವಷ್ಟರಲ್ಲಿ ಸುದ್ದಿ ಮನೆ ಸೇರಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಅಮ್ಮ ನಗ್ತಾ ನಗ್ತಾ ಎದ್ದದ್ದು ಈ ಆರೇ ತಿಂಗಳು. ಬೆಳಿಗ್ಗೆ ಎದ್ದು ಇವತ್ತು ನನಗೆ ಡ್ಯೂಟಿ ಇದೆ ಅಂತಿದ್ದಳಂತೆ. ಆ ಹೆಂಗಸನ್ನ ಸೀಟಿನಿಂದ ಎಬ್ಬಿಸಿ ಬಂದ್ರಾ?"

"ನನಗೇನು ಗೊತ್ತಿತ್ತು?"

"ನಿಮಗೆ ಯಾವತ್ತು ಏನು ಗೊತ್ತಿತ್ತು?"

ಅಂದಿನಿಂದ ಮನೆಯಲ್ಲಿ ಅವರಿಗೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ, ಮಾತೇ ಇಲ್ಲ. ತಟ್ಟೆ ಮೇಜಿನ ಮೇಲೆ ಬಂದು ಬಡಿಯುತ್ತಿತ್ತು. ಭಾವಮೈದ ಫೋನ್ ಮಾಡಿ, ಅಮ್ಮ ಮತ್ತೆ ರಾಂಗ್ ನಂಬರಿನವರ ಹತ್ತಿರ ಮಾತಾಡಲು ಶುರುಮಾಡಿದ್ದಾಳೆ, ನಿಮಗೆ ಸಮಾಧಾನವಾಯಿತೇ ಎಂದು ಕೇಳಿದ. ಕ್ಯಾಪ್ಟನ್ನರಿಗೆ ಡಾಕ್ಟರ ಮೇಲೆ ಸಿಟ್ಟು, ಕಾರ್ಯದರ್ಶಿಯ ಮೇಲೆ ಸಿಟ್ಟು, ಬಹುವಚನದ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ತಾನು ಗೆದ್ದದ್ದಕ್ಕೆ ಸಿಟ್ಟು.

ಮುಂದಿನ ಭಾನುವಾರ ಸಂಜೆ ಐದಕ್ಕೆ ಬಳಗದ ವರ್ಷಕ್ಕೊಂದು ಸಲದ ಸಾಮೂಹಿಕ ಹಾರಾಟ. ಇಪ್ಪತ್ತಮೂರು ವಿಮಾನ ಒಂದೇ ರನ್‌ವೇಯಲ್ಲಿ ಸಾಲಾಗಿ ಇಳಿಯಬೇಕು. ಗೋಪುರ ಮೂರರಲ್ಲಿ ಆ ದಿನ 'ದಯವಿಟ್ಟು' ಎಂದು ಮೂರು ಸಲ ಅಭ್ಯಾಸ ಮಾಡಿಕೊಂಡು ಬಂದ ಕಾರ್ಯದರ್ಶಿ. ಅದೇ ಹೊತ್ತಿಗೆ ಅತ್ತೆ ಮಗಳನ್ನು ನೋಡಲು ಬಂದಿದ್ದರು. ಅಳಿಯನಿಗೆ ಬೆನ್ನು ಮಾಡಿ ಹಾಲಿನಲ್ಲಿ ಕೂತಿದ್ದರು. ಕ್ಯಾಪ್ಟನ್ನರ ಹೆಡ್‌ಫೋನು ಕೆಟ್ಟಿದ್ದರಿಂದ ಮಾತೆಲ್ಲ ಸ್ಪೀಕರಿನಲ್ಲೇ ಕೇಳುತ್ತಿತ್ತು. ಸೆಕೆಗೆ ಬಾಲ್ಕನಿಯ ಬಾಗಿಲು ತೆರೆದಿತ್ತು. ಮನೆ ಇರುವುದು ಮೂರನೇ ಮಹಡಿಯಲ್ಲಿ.

"ಏಳನೇ ವಿಮಾನದವರೇ," ಎನ್ನುತ್ತಿದ್ದ ಕಾರ್ಯದರ್ಶಿ, "ತಾವು ದಯವಿಟ್ಟು ಅನ್ಯಥಾ ಭಾವಿಸದೆ ತಮ್ಮ ಎಡಭಾಗಕ್ಕೆ ತಿರುಗುವಂಥವರಾಗಬೇಕೆಂದು..."

ಏಳನೇ ವಿಮಾನದವರು ಅಷ್ಟರಲ್ಲಿ ಗುಡ್ಡದೊಳಗಿದ್ದರು.

ಹನ್ನೆರಡನೆಯವರನ್ನು "ಇಳಿಯೋಣವಾಗಲಿ" ಎಂದು ಹದಿಮೂರನೆಯವರ ಬೆನ್ನ ಮೇಲೆ ಇಳಿಸಿದ. ಡಾಕ್ಟರಿಗೆ ಈ ಸಲ ರೆಕ್ಕೆ ಹೋಯಿತು. ಅತ್ತೆಯ ಕುರ್ಚಿ ಸದ್ದಿಲ್ಲದೆ ಅರ್ಧ ತಿರುಗಿತು. ಅರ್ಧ ಗಂಟೆಯಲ್ಲಿ ಆಕಾಶದಲ್ಲಿ ಉಳಿದದ್ದು ನಲವತ್ತೊಂದು ಒಂದೇ. ಇಂಧನದ ಮುಳ್ಳು ಕೆಂಪಿಗೆ ಬಂದಿತ್ತು, ಕಾರ್ಯದರ್ಶಿ ಮೈಕು ಬಿಟ್ಟು ಎದ್ದುಹೋಗಿದ್ದ. ಕ್ಯಾಪ್ಟನ್ನರ ವಿಮಾನ ಕುಡಿದವರಂತೆ ತೂರಾಡುತ್ತಿತ್ತು.

"ಮೂತಿ ತಗ್ಗಿಸು," ಎಂದಿತು ಬೆನ್ನ ಹಿಂದೆ ಒಂದು ದನಿ.

ಕ್ಯಾಪ್ಟನ್ ತಿರುಗಲಿಲ್ಲ. "ಮೂತಿ ತಗ್ಗಿಸ್ತಾ ಇದ್ದೇನೆ."

"ಇಳಿ. ಇನ್ನೂ ಇಳಿ. ಕೆಳಗೆ ನೋಡಬೇಡ, ಮುಂದೆ ನೋಡು. ಹೆದರಿದರೆ ಸತ್ತೆ ನೀನು."

ಮೂವತ್ತೊಂದು ವರ್ಷ ಹದಗೊಳಿಸಿದ ದನಿ ಅದು. ಬಾಲ್ಕನಿ ದಾಟಿ, ಬೀದಿ ದಾಟಿ, ಎದುರುಗಡೆಯ ಔಷಧಿ ಅಂಗಡಿಯವರೆಗೂ ಹೋಯಿತು. ಅಂಗಡಿಯವನು ಆ ಬೀದಿಗೆ ಹೊಸಬ. ಹೊರಗೆ ಬಂದು ಕತ್ತೆತ್ತಿ ನೋಡಿದ. ಒಣಹಾಕಿದ ಬಟ್ಟೆ ತೆಗೆಯಲು ಕ್ಯಾಪ್ಟನ್ನರ ಹೆಂಡತಿ ಬಾಲ್ಕನಿಗೆ ಬಂದಿದ್ದಳು.

"ಏನಮ್ಮಾ ಅದು ಗಲಾಟೆ?"

"ಇನ್ನೇನು," ಎಂದಳು ಅವಳು, ವಾರದ ಸಿಟ್ಟನ್ನೆಲ್ಲ ಬಟ್ಟೆಯ ಮೇಲೆ ತೀರಿಸುತ್ತ. "ನಮ್ಮೆಜಮಾನರು ಹಾರ್ತಾ ಇದ್ದಾರೆ. ನಮ್ಮಮ್ಮ ಇಳಿಸೋಕೆ ನೋಡ್ತಿದ್ದಾಳೆ. ದಿನಾ ಇದೇ ಗೋಳು. ಬಿದ್ದರೆ ಬೀಳ್ಲಿ ಬಿಡಿ."

ಔಷಧಿಯವನು ಒಳಗೆ ಓಡಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ. ಕೆಂಪು ಗಾಡಿ ಬಂತು, ಏಣಿ ಎದ್ದಿತು, ಬೀದಿಯ ಜನವೆಲ್ಲ ಸೇರಿತು. ಯಾರೋ ಹಾಸಿಗೆ ತಂದು ಕೆಳಗೆ ಹಾಸಿದರು. ಕೆಳಮನೆಯ ಟೈಲರಮ್ಮ ಒಬ್ಬಳು, "ಅವರು ಹಾರೋದು ಹೊಸದೇನಲ್ಲ, ಅಂಗಿ ಹೊಲಿದುಕೊಟ್ಟವಳೇ ನಾನು" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದರಿಂದ ಜನರ ಗಾಬರಿ ಹೆಚ್ಚಿತು.

ಒಳಗೆ ಇಬ್ಬರಿಗೂ ಇದರ ಪರಿವೆಯಿರಲಿಲ್ಲ. "ಎಡಕ್ಕೆ ಒಂದು ಕೂದಲಷ್ಟು. ಸಾಕು. ಬಿಡು, ತಾನೇ ಕೂರುತ್ತೆ." ಚಕ್ರ ನೆಲ ಮುಟ್ಟಿತು. ವಿಮಾನ ಓಡಿ, ನಿಧಾನವಾಗಿ, ರನ್‌ವೇಯ ಪಕ್ಕದ ದಾರಿಗೆ ತಿರುಗಿ ನಿಂತಿತು. ಕ್ಯಾಪ್ಟನ್ ಉಸಿರು ಬಿಟ್ಟು ತಲೆಯೆತ್ತಿದರೆ ಬಾಲ್ಕನಿಯ ಕಂಬಿಯ ಮೇಲೊಂದು ಹೆಲ್ಮೆಟ್ ಏಳುತ್ತಿತ್ತು. ಅದರ ಕೆಳಗೆ ದಪ್ಪ ಮೀಸೆಯ ಅಧಿಕಾರಿ.

"ಹಾರ್ತಾ ಇರೋದು ಯಾರು?" ಎಂದು ಅಧಿಕಾರಿ ಬಹಳ ಮೃದುವಾಗಿ ಕೇಳಿದ. ಇಂಥ ಸಂದರ್ಭಕ್ಕೆಂದೇ ಅವನಿಗೆ ತರಬೇತಿಯಾಗಿತ್ತು.

"ನಾನೇ," ಎಂದರು ಕ್ಯಾಪ್ಟನ್, ಎದೆಯುಬ್ಬಿಸಿ.

"ಕಷ್ಟ ಎಲ್ಲರಿಗೂ ಬರುತ್ತೆ ಸಾರ್. ಎಲ್ಲರಿಗೂ ಒಂದೊಂದು ಸಲ ಹಾರೋಣ ಅನ್ನಿಸುತ್ತೆ. ತಡ್ಕೋಬೇಕು."

"ಯಾಕೆ ತಡ್ಕೋಬೇಕು? ಕೆಲಸದಿಂದ ಬಂದ ಮೇಲೆ ದಿನಾ ಒಂದು ಗಂಟೆ ಹಾರ್ತೀನಿ. ಭಾನುವಾರ ಎರಡು ಗಂಟೆ."

ಅಧಿಕಾರಿ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಮನೇಲಿ ಯಾರೂ ಬೇಡ ಅನ್ನಲ್ವಾ?"

"ಬೇಡ ಅನ್ನೋದೆಲ್ಲಿ ಬಂತು? ಇವರು ನಮ್ಮತ್ತೆ. ಎರಡು ತಿಂಗಳಿಂದ ಇವರೇ ನನ್ನನ್ನ ಹಾರಿಸ್ತಿರೋದು."

ಕೆಳಗೆ ಜನ ಗುಜುಗುಜು ಎಂದರು. ಅಧಿಕಾರಿಯ ಮುಖ ಬಿಗಿಯಿತು. ಮೃದುತನ ಎಲ್ಲ ಮೀಸೆಯೊಳಗೆ ಹೋಯಿತು. ಬಾಲ್ಕನಿಗೆ ಕಾಲಿಟ್ಟು, ಅತ್ತೆಯ ಕಡೆ ಬೆರಳು ತೋರಿಸಿದ.

"ಏನೇ ಮುದುಕಿ, ಮಗಳ ಗಂಡನ್ನೇ ಹಾರಿಸ್ತೀಯಾ? ನಡಿ ಪೊಲೀಸ್ ಠಾಣೆಗೆ."

ಕ್ಯಾಪ್ಟನ್ ಎದ್ದು ನಿಂತರು. ಇಪ್ಪತ್ತೆರಡು ವರ್ಷ ಲಿಫ್ಟಿನ ಸ್ಟೂಲಿನ ಮೇಲೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ದನಿ ಕೀರಲೇ ಆಗಿತ್ತು, ಆದರೆ ಬೀದಿಯ ಕೊನೆಯ ಮನೆಗೂ ಕೇಳಿಸಿತು.

"ಯಾರ್ರೀ ನೀವು ಅವರಿಗೆ ಏಕವಚನ ಹಾಕೋಕೆ? ಗಾಡಿ ಇದೆ, ಏಣಿ ಇದೆ ಅಂತ ಬಾಯಿಗೆ ಬಂದ ಹಾಗೆ ಮಾತಾಡ್ತೀರಾ? ಒಂದು ಮೈಕು ಹಿಡಿದು ಇಪ್ಪತ್ತು ವಿಮಾನ ಇಳಿಸೋರು ಅವರು. ನಿಮ್ಮ ಠಾಣೆಯಲ್ಲಿ ಒಬ್ಬರಿಗಾದರೂ ಆಗುತ್ತಾ? ಕ್ಷಮೆ ಕೇಳಿ ಮೊದಲು. ನೀವು ಅಂತ ಕರೆದು ಕೇಳಿ."

ಬಟ್ಟೆ ಹಿಡಿದುಕೊಂಡು ನಿಂತಿದ್ದ ಹೆಂಡತಿ ವಾರದ ಮೇಲೆ ಗಂಡನ ಮುಖ ನೋಡಿದಳು. ಅಧಿಕಾರಿ ಕಂಪ್ಯೂಟರನ್ನು ನೋಡಿದ, ಪರದೆಯ ಮೇಲಿನ ವಿಮಾನವನ್ನು ನೋಡಿದ, ಪಟ್ಟಿಯ ಅಂಗಿಯನ್ನು ನೋಡಿದ. ಎಲ್ಲವನ್ನೂ ಕೂಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೆಲ್ಮೆಟ್ ತೆಗೆದು, "ತಪ್ಪಾಯ್ತು, ಅಮ್ಮಾವ್ರೇ. ನೀವು ಹಾರಿಸೋದು ವಿಮಾನ ಅಂತ ಗೊತ್ತಾಗಲಿಲ್ಲ" ಎಂದ.

ಅತ್ತೆ ಅವನ ಕಡೆ ನೋಡಲೂ ಇಲ್ಲ. ಅವರ ಕಣ್ಣು ಪರದೆಯ ಮೇಲೇ ಇತ್ತು.

"ಭಾಷಣ ಆಮೇಲೆ ಮಾಡು," ಎಂದರು ಅಳಿಯನಿಗೆ. "ಇಂಜಿನ್ ಇನ್ನೂ ಓಡ್ತಾ ಇದೆ. ಕೂತ್ಕೊಂಡು ಅದನ್ನ ನಿಲ್ಲಿಸು."

ಕ್ಯಾಪ್ಟನ್ ಕೂತರು.

"ಇಂಜಿನ್ ನಿಲ್ಲಿಸ್ತಾ ಇದ್ದೇನೆ, ಗೋಪುರ ಮೂರು," ಎಂದು ಅಕ್ಷರ ಬಿಡದೆ ತಿರುಗಿ ಹೇಳಿದರು.